ದೂರ ಸರಿದವರು ಯಾರು?

ಕೊಚ್ಚಿಯ ವೈಟ್ಟಿಲದಲ್ಲಿ ಮೇಲುಸೇತುವೆಯ ಕೆಳಗೆ ನಿಂತವರ ಕಣ್ಣಿಗೆ ಬೀಳುವುದು ನಾಲ್ಕು ದಿಕ್ಕಿಗೂ ಧಾವಿಸುವ ವಾಹನಗಳು. ಆದರೆ ಅಲ್ಲಿ ಹಾದುಹೋಗುವ 66ನೆಯ ರಾಷ್ಟ್ರೀಯ ಹೆದ್ದಾರಿಯನ್ನೇ ಹಿಡಿದು ಉತ್ತರಾಭಿಮುಖವಾಗಿ ಸಾಗಿದರೆ ಕಾಸರಗೋಡು, ಮಂಗಳೂರುಗಳನ್ನು ದಾಟಿ ಉಡುಪಿಯನ್ನು ಸೇರಬಹುದು. ದಕ್ಷಿಣಕ್ಕೆ ತಿರುಗಿದರೆ ಶ್ರೀ ಅನಂತಪದ್ಮನಾಭನ ತಿರುವನಂತಪುರ. ಶ್ರೀಮದಾಚಾರ್ಯರು ದಕ್ಷಿಣ ಯಾತ್ರೆಯಲ್ಲಿ ಅನಂತಶಯನಕ್ಕೆ ದಯಮಾಡಿಸಿದ್ದನ್ನು ನಾರಾಯಣಪಂಡಿತಾಚಾರ್ಯರು ಸುಮಧ್ವವಿಜಯದಲ್ಲಿ ವರ್ಣಿಸಿದ್ದಾರೆ. ಹೀಗಿರುವಾಗ ಈ ನಾಡು ನಮಗೆ ಪರದೇಶವೇನಲ್ಲ. ಆದರೂ ಇಲ್ಲಿ ಮನೆಮಾಡಿಕೊಂಡಿರುವ ನಾವು ಒಬ್ಬರನ್ನೊಬ್ಬರು ಕಂಡಾಗ, "ದೇವರಿಂದ ಬಹಳ ದೂರ ಬಂದುಬಿಟ್ಟೆವು" ಎಂದು ಹೇಳಿಕೊಳ್ಳುವುದುಂಟು. ಆ ದೂರ ಮೈಲಿಗಳ ಲೆಕ್ಕದ್ದಲ್ಲವೆಂಬುದು ಹೇಳುವವರಿಗೂ ತಿಳಿದಿದೆ, ಕೇಳುವವರಿಗೂ ತಿಳಿದಿದೆ.

ಯಾರೂ ಒಂದು ದಿನ ಕುಳಿತು, ನಾಳೆಯಿಂದ ದೇವರು ಬೇಡವೆಂದು ನಿಶ್ಚಯಿಸುವುದಿಲ್ಲ. ಊರಿನಿಂದ ಪಂಚಾಂಗ ಬರುವುದು ಒಂದು ವರ್ಷ ತಡವಾಗುತ್ತದೆ, ಆ ವರ್ಷ ಎರಡು ಏಕಾದಶಿಗಳು ತಪ್ಪುತ್ತವೆ. ಮರುವರ್ಷ ಪಂಚಾಂಗ ಬಂದರೂ ಗೋಡೆಗೆ ತೂಗುಹಾಕುವ ನೆನಪಾಗುವುದಿಲ್ಲ. ಮೂರು ಹೊತ್ತಿನ ಸಂಧ್ಯಾವಂದನೆ ಒಂದು ಹೊತ್ತಿಗೆ, ಒಂದು ಹೊತ್ತಿನದು ಹತ್ತು ಗಾಯತ್ರಿಗೆ, ಹತ್ತು ಗಾಯತ್ರಿ ಉಪಾಕರ್ಮದ ದಿನಕ್ಕೆ ಇಳಿಯುತ್ತದೆ. ತಾಯಿ ಕಟ್ಟಿಕೊಟ್ಟ ದೇವರ ಪೆಟ್ಟಿಗೆ ಒಂದು ಬಾಡಿಗೆ ಮನೆಯಿಂದ ಇನ್ನೊಂದಕ್ಕೆ ಹೋಗುತ್ತದೆ. ಮೂರನೆಯ ಮನೆಯಲ್ಲಿ ಅದು ಅಟ್ಟದ ಮೇಲೆಯೇ ಉಳಿಯುತ್ತದೆ. 2004ರಲ್ಲಿ ಕಾಕ್ಕನಾಡಿನಲ್ಲಿ ಇನ್ಫೋಪಾರ್ಕ್ ಆರಂಭವಾದ ಮೇಲೆ ಬಂದ ತರುಣರ ಕಥೆ ಇದು, ಅದಕ್ಕೆ ಮೊದಲು ಹೋಟೆಲು, ಬ್ಯಾಂಕುಗಳ ಕೆಲಸಕ್ಕೆಂದು ಬಂದ ಹಿರಿಯರ ಕಥೆಯೂ ಇದೇ. ರಾತ್ರಿಪಾಳಿ ಮಾತ್ರ ಹೊಸದು.

ಇಲ್ಲಿ ನಮ್ಮ ತಪ್ಪೊಂದನ್ನು ಹೇಳಿಕೊಳ್ಳಬೇಕಾಗಿದೆ. ಎಂಟು ವರ್ಷಗಳ ಹಿಂದೆ ಶ್ರೀ ಗುರುಸಾರ್ವಭೌಮರ ಮಧ್ಯಾರಾಧನೆಯಂದು ನಾವು ಬಾಗಿಲಲ್ಲಿ ಕುಳಿತು ಸೇವೆಯ ಲೆಕ್ಕ ಬರೆಯುತ್ತಿದ್ದೆವು. ವೈಟ್ಟಿಲದ ಕಡೆಯ ಗೃಹಸ್ಥರೊಬ್ಬರು ಏಳೆಂಟು ವರ್ಷದ ಮಗಳ ಕೈಹಿಡಿದು ಬಂದು, ಚಪ್ಪಲಿಯನ್ನು ಬಿಡದೆಯೇ ಹೊರಗೆ ನಿಂತರು. ಒಂದು ಕಾಲದಲ್ಲಿ ನಮ್ಮೊಡನೆ ಕುಳಿತು ವಾಯುಸ್ತುತಿ ಪಾರಾಯಣ ಮಾಡುತ್ತಿದ್ದವರು. ಹನ್ನೊಂದು ವರ್ಷಗಳಿಂದ ಕಂಡಿರಲಿಲ್ಲ. ಸಲುಗೆಯಿಂದಲೇ, "ಏನು ಸ್ವಾಮಿ, ಈಗ ನೆನಪಾಯಿತೇ? ಇಷ್ಟು ವರ್ಷ ಎಲ್ಲಿದ್ದಿರಿ?" ಎಂದು ಕೇಳಿದೆವು. ಹಿಂದಿದ್ದ ಇಬ್ಬರು ನಕ್ಕರು. ಅವರೂ ನಕ್ಕರು. ಎಲೆ ಹಾಕುವ ಹೊತ್ತಿಗೆ ಹುಡುಕಿದರೆ ತಂದೆಯೂ ಇರಲಿಲ್ಲ, ಮಗುವೂ ಇರಲಿಲ್ಲ. ಅವರ ತಾಯಿ ಆಗ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದರೆಂದೂ, ರಾಯರ ಸನ್ನಿಧಿಯಲ್ಲಿ ಸಂಕಲ್ಪ ಮಾಡಿಸಲು ಅವರು ಬಂದಿದ್ದರೆಂದೂ, ಆ ವಾರವೇ ಆ ತಾಯಿ ಹರಿಪಾದವನ್ನು ಸೇರಿದರೆಂದೂ ಒಂದು ತಿಂಗಳ ಬಳಿಕ ಬೇರೆಯವರಿಂದ ತಿಳಿಯಿತು. ಕ್ಷಮೆ ಕೇಳಲೆಂದು ಎರಡು ಬಾರಿ ಅವರ ಬೀದಿಯವರೆಗೆ ಹೋದೆವು, ಎರಡು ಬಾರಿಯೂ ಹಿಂದಿರುಗಿದೆವು. ಬಹುಕಾಲ ಬಿಟ್ಟಿದ್ದ ಬಾಗಿಲನ್ನು ತಟ್ಟುವುದು ಎಷ್ಟು ಕಷ್ಟವೆಂಬುದು ನಮಗೆ ಅರ್ಥವಾದದ್ದು ಆಗ.

ಅಂದಿನಿಂದ ನಮ್ಮ ಪ್ರಶ್ನೆಯೇ ನಮ್ಮನ್ನು ಬಿಡದೆ ಕಾಡುತ್ತಿದೆ. ಅದನ್ನು ಕೇಳುವ ಅಧಿಕಾರ ನಮಗಿರಲಿಲ್ಲವೆಂಬುದು ಸ್ಪಷ್ಟ. ಆದರೆ ಶಾಸ್ತ್ರದೃಷ್ಟಿಯಿಂದ ನೋಡಿದರೆ ಅದಕ್ಕೆ ಉತ್ತರವೇನು? ಹನ್ನೊಂದು ವರ್ಷ ಅವರು ನಿಜವಾಗಿ ಎಲ್ಲಿದ್ದರು?

ಜೀವನು ಶ್ರೀಹರಿಯ ಪ್ರತಿಬಿಂಬನೆಂಬುದು ನಮ್ಮ ಸಿದ್ಧಾಂತ. ಕನ್ನಡಿಯಲ್ಲಿ ಕಾಣುವ ಪ್ರತಿಬಿಂಬಕ್ಕೆ ಕನ್ನಡಿಯೆಂಬ ಉಪಾಧಿ ಬೇಕು. ಕನ್ನಡಿ ಒಡೆದರೆ, ಅಥವಾ ಮುಖವನ್ನು ಅತ್ತ ತಿರುಗಿಸಿದರೆ ಆ ಪ್ರತಿಬಿಂಬ ಇಲ್ಲವಾಗುತ್ತದೆ. ಜೀವನ ವಿಷಯ ಹಾಗಲ್ಲ. ಅವನು ಹರಿಯ ಅಧೀನನಾಗಿ, ಅವನನ್ನು ಅಲ್ಪಾಂಶದಲ್ಲಿ ಹೋಲುವವನಾಗಿ ಇರುವುದು ಹೊರಗಿನ ಯಾವ ಉಪಾಧಿಯಿಂದಲೂ ಬಂದುದಲ್ಲ, ಅವನ ಸ್ವರೂಪದಿಂದಲೇ ಬಂದುದು. ಆದ್ದರಿಂದ ಆ ಸಂಬಂಧ ಅನಾದಿ, ಅದಕ್ಕೆ ಅಂತ್ಯವೂ ಇಲ್ಲ. ಬಿಂಬರೂಪಿಯಾದ ಪರಮಾತ್ಮನು ಜೀವನ ಹೃದಯದಲ್ಲಿದ್ದು, ಸ್ವರ್ಗಕ್ಕೆ ಹೋದರೆ ಸ್ವರ್ಗಕ್ಕೆ, ನರಕಕ್ಕೆ ಹೋದರೆ ನರಕಕ್ಕೂ ಜೊತೆಯಲ್ಲೇ ಇರುತ್ತಾನೆ. ಹಾಗಾದರೆ ಆ ಗೃಹಸ್ಥರು ಹನ್ನೊಂದು ವರ್ಷ ಉಸಿರಾಡಿದ್ದು ಯಾರ ಸನ್ನಿಧಾನದಿಂದ? ರಾತ್ರಿಪಾಳಿ ಮುಗಿಸಿ ಬಂದು ಮಲಗಿದಾಗ ಅವರಿಗೆ ಸುಷುಪ್ತಿಯನ್ನು ಕೊಟ್ಟವನು ಯಾರು? ದೂರವಾಗುವ ಸಾಮರ್ಥ್ಯವೇ ಜೀವನಿಗಿಲ್ಲ. ಅವನಿಂದ ಆಗುವುದು ಮರೆಯುವುದಷ್ಟೆ. ಮರೆತವನು ಹಿಂದಿರುಗಬೇಕಾದರೆ ಹೊಸ ಸಂಬಂಧವನ್ನು ಕಟ್ಟಬೇಕಾಗಿಲ್ಲ, ಹಿಂದಿನದನ್ನು ದುರಸ್ತಿ ಮಾಡಬೇಕಾಗಿಯೂ ಇಲ್ಲ. ಇರುವುದನ್ನು ತಿಳಿದರೆ ಆಯಿತು. ಈ ಒಂದು ಪ್ರಮೇಯವನ್ನು ಅಂದು ನೆನೆದಿದ್ದರೆ ಬಾಗಿಲಲ್ಲಿ ನಾವು ಆ ಮಾತನ್ನು ಆಡುತ್ತಿರಲಿಲ್ಲ. ಪಾಠದಲ್ಲಿ ನಾವು ಇದನ್ನು ಹತ್ತು ಬಾರಿ ಕೇಳಿದ್ದೆವು.

ತಿರುವನಂತಪುರದ ಸ್ಥಳಪುರಾಣ ಈ ವಿಷಯದಲ್ಲಿ ನಮಗೆ ಬಹಳ ಹತ್ತಿರದ್ದು. ತುಳುನಾಡಿನ ದಿವಾಕರಮುನಿ ಎಂಬ ಯತಿಗಳ ಬಳಿಗೆ ಒಮ್ಮೆ ಮುದ್ದಾದ ಮಗುವೊಂದು ಬಂದಿತು. ತನ್ನೊಡನೆ ಇರೆಂದು ಮುನಿಗಳು ಕೇಳಿದಾಗ, ಅನಾದರ ಮಾಡಿದರೆ ಹೊರಟುಹೋಗುವೆನೆಂಬ ನಿಬಂಧನೆಯ ಮೇಲೆ ಮಗು ಒಪ್ಪಿತು. ಒಂದು ದಿನ ಮುನಿಗಳು ಪೂಜೆಯಲ್ಲಿದ್ದಾಗ ಅದು ಸಾಲಿಗ್ರಾಮವನ್ನೇ ಎತ್ತಿ ಬಾಯಿಗೆ ಹಾಕಿಕೊಂಡಿತು. ಮುನಿಗಳು ಸಿಟ್ಟಿನಿಂದ ಮಗುವನ್ನು ದೂಡಿದರು. ತನ್ನನ್ನು ನೋಡಬೇಕೆನಿಸಿದರೆ ಅನಂತನಕಾಡಿಗೆ ಬರಬೇಕೆಂದು ಹೇಳಿ ಮಗು ಕಣ್ಮರೆಯಾಯಿತು. ದೂಡಿದ್ದು ಯಾರನ್ನೆಂಬುದು ಆಗ ಮುನಿಗಳಿಗೆ ಹೊಳೆಯಿತು. ಅನ್ನ ನೀರುಗಳನ್ನು ತೊರೆದು ಅಲೆಯುತ್ತಾ ಕಡಲತೀರದ ಕಾಡಿಗೆ ಬಂದಾಗ, ಆ ಮಗು ಒಂದು ಹಿಪ್ಪೆಯ ಮರದಲ್ಲಿ ಸೇರಿಹೋಯಿತು, ಮರ ಉರುಳಿತು, ತಿರುವಲ್ಲದಲ್ಲಿ ಶಿರಸ್ಸು, ತೃಪ್ಪಾಪೂರಿನಲ್ಲಿ ಪಾದಗಳು ಬರುವಷ್ಟು ಬೃಹತ್ತಾದ ಶೇಷಶಾಯಿಯ ರೂಪ ಕಂಡಿತು. ಇಷ್ಟು ದೊಡ್ಡ ರೂಪವನ್ನು ಈ ಕಣ್ಣು ಹಿಡಿಯಲಾರದೆಂದು ಮುನಿಗಳು ಬೇಡಿಕೊಂಡಾಗ, ಸ್ವಾಮಿಯು ಅವರ ದಂಡದ ಮೂರರಷ್ಟು ಉದ್ದಕ್ಕೆ ಸಂಕೋಚಗೊಂಡನಂತೆ. ಅವರ ಕೈಗೆ ಸಿಕ್ಕಿದ್ದು ಒಂದು ಮಾವಿನಕಾಯಿ, ಒಂದು ತೆಂಗಿನ ಚಿಪ್ಪು. ಅದರಲ್ಲೇ ನೈವೇದ್ಯ ಮಾಡಿದರು. ಇದೇ ಕಥೆಯನ್ನು ವಿಲ್ವಮಂಗಲ ಸ್ವಾಮಿಯಾರರ ಹೆಸರಿನಲ್ಲಿ ಹೇಳುವವರೂ ಉಂಟು. ಅಲ್ಲಿಯ ಅರ್ಚಕರಲ್ಲಿ ಚಂದ್ರಗಿರಿ ಹೊಳೆಯ ಆಚೆಯ ತುಳುನಾಡಿನವರೂ ಇರುವ ಪದ್ಧತಿಗೆ ಈ ಕಥೆಯನ್ನೇ ಮೂಲವಾಗಿ ಹೇಳುತ್ತಾರೆ. ಈಗಿನ ಮೂಲಮೂರ್ತಿಯ ಒಳಗೆ 12,008 ಸಾಲಿಗ್ರಾಮಗಳಿವೆಯೆಂಬ ಪ್ರಸಿದ್ಧಿಯಿದೆ. ಮುನಿಗಳು ಒಂದು ಸಾಲಿಗ್ರಾಮಕ್ಕಾಗಿ ದೂಡಿದ ಮಗು ಅದು.

ಈ ಕಥೆಯಲ್ಲಿ ಎರಡು ಸಂಗತಿಗಳು ನಮ್ಮ ಮನಸ್ಸನ್ನು ಹಿಡಿದಿವೆ. ದೂಡಿಸಿಕೊಂಡ ಸ್ವಾಮಿಯು ಹೋಗುವಾಗಲೇ ವಿಳಾಸವನ್ನು ಹೇಳಿ ಹೋದನು. ಮತ್ತೆ ಸಿಗಬಾರದೆಂಬ ಮನಸ್ಸಿದ್ದವನು ವಿಳಾಸ ಕೊಡುತ್ತಾನೆಯೇ? ಇನ್ನೊಂದು ಸಂಗತಿ ಅಷ್ಟು ಹಿತವಾದದ್ದಲ್ಲ. ಮುನಿಗಳು ಭಗವಂತನನ್ನು ದೂಡಿದ್ದು ಪೂಜೆಯನ್ನು ಬಿಟ್ಟಿದ್ದಾಗ ಅಲ್ಲ, ಪೂಜೆಯ ನಡುವೆ, ಮಡಿಯಲ್ಲಿ ಕುಳಿತು, ಪೂಜೆಯ ಶುದ್ಧಿಗಾಗಿಯೇ.

ಆದ್ದರಿಂದ ದೂರವಾಗುವುದೆಂದರೆ ಕಾಕ್ಕನಾಡಿನ ತರುಣರ ಸಮಸ್ಯೆ ಎಂದು ನಾವು ಹಿರಿಯರು ನಿಶ್ಚಿಂತರಾಗಿರುವಂತಿಲ್ಲ. ಮಾನ್ವಿಯ ಶ್ರೀನಿವಾಸಾಚಾರ್ಯರು ದೊಡ್ಡ ವಿದ್ವಾಂಸರು. ಸಂಸ್ಕೃತದ ಪಾಂಡಿತ್ಯದ ಮುಂದೆ ಕನ್ನಡದಲ್ಲಿ ಹಾಡುವ ದಾಸರೆಷ್ಟರವರೆಂದು ವಿಜಯದಾಸರ ಕರೆಯನ್ನು ಕಡೆಗಣಿಸಿದರು. ಅವರು ಕರ್ಮವನ್ನು ಬಿಟ್ಟಿರಲಿಲ್ಲ, ಪಾಠಪ್ರವಚನಗಳನ್ನು ಬಿಟ್ಟಿರಲಿಲ್ಲ. ಆದರೂ ಉದರಶೂಲೆಯಿಂದ ಬಳಲಿ, ಕಡೆಗೆ ವಿಜಯದಾಸರಲ್ಲಿಗೇ ಹೋಗಿ ತಲೆಬಾಗಿ, ಅವರ ಮಾತಿನಂತೆ ಗೋಪಾಲದಾಸರ ಅನುಗ್ರಹವನ್ನು ಪಡೆದು ಜಗನ್ನಾಥದಾಸರಾದ ವೃತ್ತಾಂತವನ್ನು ಸಂಪ್ರದಾಯವು ಹೇಳುತ್ತದೆ. ಹರಿಕಥಾಮೃತಸಾರ ನಮಗೆ ದೊರೆತದ್ದು ಆ ಹಿಂದಿರುಗುವಿಕೆಯ ಫಲವಾಗಿ. ವಿಜಯದಾಸರು ಅವರನ್ನು ಬಾಗಿಲಲ್ಲಿ ನಿಲ್ಲಿಸಿ, ಈಗ ನೆನಪಾಯಿತೇ ಎಂದು ಕೇಳಿದ್ದರೆಂದು ಯಾರೂ ಹೇಳಿಲ್ಲ. ಭಕ್ತಿಯೆಂದರೆ ಮಾಹಾತ್ಮ್ಯದ ಅರಿವಿನಿಂದ ಕೂಡಿದ, ಬೇರೆ ಎಲ್ಲಕ್ಕಿಂತ ಮಿಗಿಲಾದ ದೃಢಸ್ನೇಹವೆಂದು ಆಚಾರ್ಯರು ನಿರ್ಣಯಿಸಿದ್ದಾರೆ. ಆ ಅಳತೆಗೋಲನ್ನು ಹಿಡಿದರೆ, ದಿನವೂ ಘಂಟೆ ಬಾರಿಸುವ ನಮ್ಮಲ್ಲಿ ಎಷ್ಟು ಮಂದಿ ಹತ್ತಿರದಲ್ಲಿದ್ದೇವೆ?

ಕೆಲವು ಕಾಲದ ಹಿಂದೆ ತರುಣನೊಬ್ಬನು ನಮ್ಮನ್ನು ಕೇಳಿದ ಪ್ರಶ್ನೆ ಇದಕ್ಕಿಂತ ಕಠಿಣವಾದದ್ದು. "ಜೀವರಲ್ಲಿ ಮೂರು ವಿಧ, ಎಲ್ಲರೂ ಮುಕ್ತಿಯೋಗ್ಯರಲ್ಲ ಎನ್ನುತ್ತೀರಿ. ನನಗೆ ಹತ್ತು ವರ್ಷ ದೇವರ ನೆನಪೇ ಬರಲಿಲ್ಲ. ಹಾಗಾದರೆ ನಾನು ಯೋಗ್ಯನೇ ಅಲ್ಲವೇನೋ. ಮತ್ತೆ ಬಂದು ಪ್ರಯೋಜನವೇನು?" ಎಂದನು. ಇತರ ಮತಸ್ಥರು ಈ ಪ್ರಶ್ನೆಯನ್ನು ವಾದಕ್ಕಾಗಿ ಕೇಳುತ್ತಾರೆ, ಅದಕ್ಕೆ ಗ್ರಂಥಗಳಲ್ಲಿ ಉತ್ತರವಿದೆ. ಆದರೆ ಈ ಹುಡುಗನು ಕೇಳಿದ್ದು ಭಯದಿಂದ. ತಾರತಮ್ಯವನ್ನು ಮುಚ್ಚಿಟ್ಟು ಸಮಾಧಾನ ಹೇಳುವುದು ನಮಗೆ ಸಾಧ್ಯವಿಲ್ಲ, ಅದು ಸಿದ್ಧಾಂತದ್ರೋಹವಾದೀತು. ಆದರೆ ಯೋಗ್ಯತೆಯೆಂಬುದು ಅನಾದಿಯಾದ ಸ್ವರೂಪ. ಅದನ್ನು ಬಲ್ಲವನು ಶ್ರೀಹರಿ, ಅವನ ಪ್ರಸಾದದಿಂದ ಅಪರೋಕ್ಷಜ್ಞಾನಿಗಳು. ಒಬ್ಬನ ಹತ್ತು ವರ್ಷದ ನಡತೆಯನ್ನು ನೋಡಿ ಅವನ ಸ್ವರೂಪವನ್ನು ಅಳೆಯುವ ಕೋಲನ್ನು ಶಾಸ್ತ್ರವು ನಮ್ಮ ಕೈಗೆ ಕೊಟ್ಟಿಲ್ಲ. ತನ್ನ ವಿಷಯದಲ್ಲೂ ಅಷ್ಟೆ. ಪರರನ್ನು ಅಯೋಗ್ಯರೆಂದು ತೀರ್ಮಾನಿಸುವುದು ಅಹಂಕಾರವಾದರೆ, ತನ್ನನ್ನೇ ಹಾಗೆ ತೀರ್ಮಾನಿಸಿಕೊಳ್ಳುವುದೂ ಇಲ್ಲದ ಸರ್ವಜ್ಞತ್ವವನ್ನು ಆರೋಪಿಸಿಕೊಂಡಂತೆ. ಅಲ್ಲದೆ ದೇವರಲ್ಲಿ ದ್ವೇಷವಿದ್ದವನಿಗೆ ದೇವರನ್ನು ಮರೆತೆನೆಂಬ ಅಳಲು ಏಕೆ ಬರಬೇಕು?

ಹತ್ತು ವರ್ಷವೆಂದು ಅಂಜುವವರು ಭಾಗವತದ ಆರನೆಯ ಸ್ಕಂಧದ ಅಜಾಮಿಳನನ್ನು ನೆನೆಯಬಹುದು. ಕನ್ಯಾಕುಬ್ಜದ ಆ ಬ್ರಾಹ್ಮಣನು ವೇದಾಧ್ಯಯನ, ಶೀಲ, ಸದಾಚಾರಗಳಿಂದ ಕೂಡಿದ್ದವನು. ತಂದೆಯ ಮಾತಿನಂತೆ ಹೂವು, ಹಣ್ಣು, ಸಮಿತ್ತು, ದರ್ಭೆಗಳನ್ನು ತರಲು ಕಾಡಿಗೆ ಹೋದ ಒಂದು ದಿನ, ಒಂದು ನೋಟದಿಂದ, ಎಲ್ಲವನ್ನೂ ಕಳೆದುಕೊಂಡನು. ಅವನಿಗೆ ಮರಣ ಸಮೀಪಿಸಿದ್ದು ಎಂಬತ್ತೆಂಟನೆಯ ವಯಸ್ಸಿನಲ್ಲಿ. ಕಿರಿಯ ಮಗನನ್ನು ನಾರಾಯಣನೆಂದು ಕೂಗಿದ್ದು, ವಿಷ್ಣುದೂತರು ಬಂದು ಯಮದೂತರನ್ನು ತಡೆದದ್ದು ಎಲ್ಲರಿಗೂ ಗೊತ್ತು. ಹರಿಕಥೆಗಳಲ್ಲಿ ಕಥೆ ಅಲ್ಲಿಗೇ ಮುಗಿದು ಮಂಗಳಾರತಿಯಾಗಿಬಿಡುತ್ತದೆ. ಕೇಳಿದವರು ನಾಮವೊಂದೇ ಸಾಕೆಂದು ಹಗುರವಾಗಿ ಮನೆಗೆ ಹೋಗುತ್ತಾರೆ. ಆದರೆ ವ್ಯಾಸರು ಅಲ್ಲಿಗೆ ಮುಗಿಸಿಲ್ಲ. ಅಜಾಮಿಳನು ಅಂದು ಸಾಯಲಿಲ್ಲ. ಎದ್ದು ಕುಳಿತನು, ಕೈಬಿಟ್ಟಿದ್ದ ವೃದ್ಧ ತಂದೆತಾಯಿಗಳನ್ನು, ಸಾಧ್ವಿಯಾದ ಪತ್ನಿಯನ್ನು ನೆನೆದು ಪರಿತಪಿಸಿದನು, ಗಂಗಾದ್ವಾರಕ್ಕೆ ಹೋಗಿ ಇಂದ್ರಿಯಗಳನ್ನು ನಿಗ್ರಹಿಸಿ ಭಗವಂತನಲ್ಲಿ ಮನಸ್ಸನ್ನು ನಿಲ್ಲಿಸಿದನು. ಆ ಬಳಿಕ ಅವನಿಗೆ ಸದ್ಗತಿ. ಅರ್ಥಾನುಸಂಧಾನವಿಲ್ಲದ ಶಬ್ದಮಾತ್ರದಿಂದ ಮೋಕ್ಷವೆಂದು ನಮ್ಮ ಪರಂಪರೆ ಒಪ್ಪುವುದಿಲ್ಲ, ಜ್ಞಾನಭಕ್ತಿಗಳು ಬೇಕು. ಅವನು ಕರೆದದ್ದರಿಂದ ದೊರೆತದ್ದು ಬದುಕಲು ಇನ್ನಷ್ಟು ಕಾಲ. ಆ ಕಾಲವನ್ನು ಅವನು ಏನು ಮಾಡಿದನೆಂಬ ಭಾಗವನ್ನು ನಾವು ಹೆಚ್ಚಾಗಿ ಹೇಳುವುದಿಲ್ಲ.

"ದೇವರು ಬುದ್ಧಿ ಕೊಟ್ಟಾಗ ಬಂದೇವು, ಎಲ್ಲವೂ ಹರಿಯಿಚ್ಛೆಯಲ್ಲವೇ" ಎನ್ನುವವರೂ ನಮ್ಮಲ್ಲಿದ್ದಾರೆ. ಸಿದ್ಧಾಂತದ ಮಾತನ್ನೇ ಆಲಸ್ಯಕ್ಕೆ ಹೊದಿಕೆಯಾಗಿ ಬಳಸುವುದೆಂದರೆ ಇದೇ. ಜೀವನ ಕರ್ತೃತ್ವ ಪರಾಧೀನವೆಂದು ಶಾಸ್ತ್ರ ಹೇಳುತ್ತದೆಯೇ ಹೊರತು ಇಲ್ಲವೆಂದು ಹೇಳುವುದಿಲ್ಲ. ಇಲ್ಲವಾಗಿದ್ದರೆ ವಿಧಿನಿಷೇಧಗಳೆಲ್ಲ ವ್ಯರ್ಥವಾಗುತ್ತಿದ್ದವು. ಸಂಬಳ ಹೆಚ್ಚಿಸಿಕೊಳ್ಳುವ ವಿಷಯದಲ್ಲಿ ಇವರಾರೂ ಹರಿಯಿಚ್ಛೆಗಾಗಿ ಕಾದುಕುಳಿತದ್ದನ್ನು ನಾವು ಕಂಡಿಲ್ಲ.

ಇನ್ನು ಕಷ್ಟ ಬಂದಾಗ ಮಾತ್ರ ಬರುವವರ ಮಾತು. ಅವರ ಭಕ್ತಿಯು ಸ್ವಾರ್ಥವೆಂದು ಮೂಗು ಮುರಿಯುವುದು ಸುಲಭ, ನಾವೇ ಮುರಿದವರು. ಆದರೆ ಗೀತೆಯ ಏಳನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ತನ್ನನ್ನು ಭಜಿಸುವ ನಾಲ್ವರನ್ನು ಎಣಿಸುವಾಗ ಸಂಕಟದಲ್ಲಿರುವವನನ್ನೇ ಮೊದಲು ಹೇಳುತ್ತಾನೆ. ಜ್ಞಾನಿಯು ತನಗೆ ಅತ್ಯಂತ ಪ್ರಿಯನೆಂದರೂ ನಾಲ್ವರನ್ನೂ ಉದಾರರೆಂದೇ ಕರೆಯುತ್ತಾನೆ. ಆಸ್ಪತ್ರೆಯಿಂದ ನೇರವಾಗಿ ರಾಯರ ಬಳಿಗೆ ಓಡಿಬಂದವರಿಗೆ ಆ ಹೊತ್ತಿನಲ್ಲಿ ಹೋಗಲು ಬೇರೆ ಹತ್ತು ಕಡೆಗಳಿದ್ದವು. ಅವರಿಗೆ ಇಲ್ಲಿಗೇ ಬರಬೇಕೆನಿಸಿತಲ್ಲ, ಅದನ್ನು ಅಲ್ಪವೆಂದು ಹೇಗೆ ಹೇಳುವುದು?

ಹಿಂದಿರುಗಿದವರು ಎಲ್ಲಿಂದ ಆರಂಭಿಸಬೇಕು? ಆರನೆಯ ಅಧ್ಯಾಯದಲ್ಲಿ ಅರ್ಜುನನಿಗೆ ಇದೇ ಆತಂಕ. ಶ್ರದ್ಧೆಯಿದ್ದೂ ನಡುವೆ ಜಾರಿದವನು ಚದುರಿದ ಮೋಡದಂತೆ ಇಲ್ಲಿಯೂ ಇಲ್ಲದೆ ಅಲ್ಲಿಯೂ ಇಲ್ಲದೆ ನಾಶವಾಗುವನೇ ಎಂದು ಅವನು ಕೇಳುತ್ತಾನೆ. ಒಳ್ಳೆಯದನ್ನು ಮಾಡಿದವನಿಗೆ ದುರ್ಗತಿಯಿಲ್ಲವೆಂದೂ, ಜನ್ಮವೇ ಬದಲಾದರೂ ಹಿಂದಿನ ಸಂಸ್ಕಾರವು ಅವನನ್ನು ಕೂಡಿಕೊಳ್ಳುವುದೆಂದೂ, ಅಲ್ಲಿಂದ ಮುಂದಕ್ಕೆ ಅವನು ಪ್ರಯತ್ನಿಸುವನೆಂದೂ ಭಗವಂತನ ಉತ್ತರ. ಜನ್ಮ ಬದಲಾದರೇ ಉಳಿಯುವುದು ಬಾಡಿಗೆ ಮನೆ ಬದಲಾದರೆ ಹೋದೀತೇ? ಬಾಲ್ಯದಲ್ಲಿ ಅಜ್ಜನ ಪಕ್ಕದಲ್ಲಿ ಕುಳಿತು ಕಲಿತ ಕೇಶವಾದಿ ಇಪ್ಪತ್ತನಾಲ್ಕು ನಾಮಗಳನ್ನು ಇಂದು ಹೇಳತೊಡಗಿ ನೋಡಿರಿ. ಎಂಟನೆಯದರಲ್ಲಿ ತಡವರಿಸಿದರೂ ಹನ್ನೆರಡರ ಹೊತ್ತಿಗೆ ನಾಲಿಗೆಯೇ ಮುಂದೆ ಹೋಗುತ್ತದೆ.

ಪಶ್ಚಾತ್ತಾಪದ ಬಿಸಿಯಲ್ಲಿ ನಾಳೆಯಿಂದಲೇ ತ್ರಿಕಾಲ ಸಂಧ್ಯೆ, ನಿರ್ಜಲ ಏಕಾದಶಿ, ನಿತ್ಯ ಪಾರಾಯಣವೆಂದು ಹಟ ಹಿಡಿದವರು ತಿಂಗಳೊಳಗೆ ಸೋತು, ಮೊದಲಿಗಿಂತ ಹೆಚ್ಚು ನಾಚಿಕೆಪಟ್ಟುಕೊಂಡು ಮರೆಯಾದುದನ್ನು ನೋಡಿದ್ದೇವೆ. ಅಟ್ಟದ ಮೇಲಿನ ಪೆಟ್ಟಿಗೆಯನ್ನು ಇಳಿಸಿ ಒರೆಸಿ ಒಂದು ದೀಪ ಹಚ್ಚುವುದು ಒಂದು ಸಂಜೆಗೆ ಸಾಕಾದಷ್ಟು ಕೆಲಸ. 2023ರಿಂದ ವೈಟ್ಟಿಲದಿಂದ ಕಾಕ್ಕನಾಡಿಗೆ ವಾಟರ್ ಮೆಟ್ರೋ ದೋಣಿಗಳು ಓಡುತ್ತಿವೆ. ಅದರಲ್ಲಿ ಕುಳಿತು ಕೆಲಸಕ್ಕೆ ಹೋಗುವವರೊಬ್ಬರು ಆ ಹೊತ್ತಿನಲ್ಲಿ ಮನಸ್ಸಿನಲ್ಲೇ ಸಹಸ್ರನಾಮವನ್ನು ನೆನೆಯುವುದಾಗಿ ಹೇಳಿದರು. ಮಡಿಯಿಲ್ಲದೆ ಹೇಗೆಂದು ಕೇಳುವವರು ಕೇಳಲಿ. ಸ್ಮರಣೆಗೆ ದೇಶಕಾಲಗಳ ಕಟ್ಟಿಲ್ಲ. ಮಠ ದೂರವೆನ್ನುವವರಿಗೆ ಪೂರ್ಣತ್ರಯೀಶನ ತೃಪ್ಪೂಣಿತ್ತುರ ಹತ್ತಿರದಲ್ಲೇ ಇದೆ. 2024ರಿಂದ ಮೆಟ್ರೋ ರೈಲೂ ಅಲ್ಲಿಯವರೆಗೆ ಹೋಗುತ್ತದೆ. ಮಕ್ಕಳನ್ನೂ ಕರೆದುಕೊಂಡು ಹೋಗಿರಿ. ಅವರು ಮಲಯಾಳದಲ್ಲಿ ಪ್ರಶ್ನೆ ಕೇಳಿದರೆ ಮಲಯಾಳದಲ್ಲೇ ಉತ್ತರ ಹೇಳಿರಿ.

ಬಾಗಿಲಲ್ಲಿ ಕುಳಿತುಕೊಳ್ಳುವ ನಮ್ಮಂಥವರ ಕೆಲಸ ಇದಕ್ಕಿಂತ ಚಿಕ್ಕದು. ಬಂದವರ ಕೈಗೆ ತೀರ್ಥ ಹಾಕಿ, ಊಟಕ್ಕೆ ಎಲೆ ತೋರಿಸಬೇಕು. ಇಷ್ಟನ್ನು ಕಲಿಯಲು ನಮಗೆ ಎಂಟು ವರ್ಷ ಬೇಕಾಯಿತು.

ಕಳೆದ ಚಾತುರ್ಮಾಸ್ಯದಲ್ಲಿ ಒಂದು ರಾತ್ರಿ ಒಂಬತ್ತರ ಮೇಲೆ ದೂರವಾಣಿ ಕರೆ ಬಂದಿತು. ಧ್ವನಿ ಕೇಳಿದೊಡನೆ ಗುರುತು ಹತ್ತಿತು. "ಕ್ಯಾಲೆಂಡರಿನಲ್ಲಿ ಏಕಾದಶಿ ಎರಡು ದಿನ ತೋರಿಸಿದ್ದಾರೆ. ನಮ್ಮದು ನಾಳೆಯೋ, ನಾಡಿದ್ದೋ?" ಎಂದು ಕೇಳಿದರು. ಪಂಚಾಂಗವನ್ನು ತೆಗೆದು ನೋಡಿ, ನಾಳೆ ದಶಮೀವೇಧವಿದೆ, ನಮಗೆ ನಾಡಿದ್ದು ಎಂದೆವು. ಮಗಳು ಈಗ ಹತ್ತನೆಯ ತರಗತಿಯಲ್ಲಿದ್ದಾಳೆ, ತಾನೂ ಉಪವಾಸ ಮಾಡುತ್ತೇನೆನ್ನುತ್ತಿದ್ದಾಳೆ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದು ಆರಾಧನೆಯ ದಿನ..." ಎಂದು ಅವರೇ ಆರಂಭಿಸಿದರು. ಅಂದು ನಾವಾಡಿದ ಮಾತು ತಪ್ಪು, ಕ್ಷಮಿಸಬೇಕು ಎಂದೆವು. ಅತ್ತ ಕಡೆಯಿಂದ ಮಾತು ಬರಲಿಲ್ಲ. ದ್ವಾದಶಿಯ ಪಾರಣೆಗೆ ಮಗುವನ್ನು ಕರೆದುಕೊಂಡು ಇಲ್ಲಿಗೇ ಬನ್ನಿ ಎಂದೆವು. ಎಷ್ಟು ಗಂಟೆಗೆ ಎಂದು ಕೇಳಿದರು.

ಶ್ರೀಕೃಷ್ಣಾರ್ಪಣಮಸ್ತು